ಜಡಿಮಳೆಯ ಊರಿಗೆ ಎಂಥ ಶಾಲೆ ಕಟ್ಟಬೇಕು? ಆರ್‌ಸಿಸಿಯೋ, ಹೆಂಚೋ, ಬಿದಿರೋ?

ಹೊಳೆಬದಿಯವ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾ ಅಭಿವೃದ್ಧಿ ಸಮಿತಿಯಲ್ಲಿ ಇದ್ದೇನೆ. ಹಳೇ ಕೊಠಡಿ ಎರಡು ಬೀಳುವ ಹಾಗಿವೆ. ಕೆಡವಿ ಹೊಸದು ಕಟ್ಟಬೇಕು. ಸ್ವಲ್ಪ ಸರ್ಕಾರದ ದುಡ್ಡು, ಉಳಿದದ್ದು ಹಳೇ ವಿದ್ಯಾರ್ಥಿಗಳದ್ದು. ಬೆಂಗಳೂರಿನಲ್ಲಿರುವ ನಮ್ಮೂರ ಹುಡುಗರು ಪ್ರಕೃತಿ ನೋಡಿ ಕಟ್ಟಿದ ಶಾಲೆ ಬೇಕು ಅಂತ ಬಾಲಿಯ ಬಿದಿರಿನ ಶಾಲೆಯ ಫೋಟೋ ಗ್ರೂಪಿಗೆ ಹಾಕಿದ್ದಾರೆ. ಊರಲ್ಲಿರುವವರು 'ಅದೆಲ್ಲ ಬೇಡ, ಆರ್‌ಸಿಸಿ ಹಾಕಿ ಮುಗಿಸಿ' ಅನ್ನುತ್ತಾರೆ.

ನನಗೆ ಎರಡೂ ಸರಿ ಕಾಣುತ್ತಿಲ್ಲ. ಈಗ ಪಕ್ಕದಲ್ಲಿರುವ ಕೊಠಡಿಗೆ ತಗಡಿನ ಶೀಟು. ಆಷಾಢದ ಮಳೆ ಹಿಡಿದರೆ ಟೀಚರ್ ಗಂಟಲು ಹರಿದುಕೊಂಡರೂ ಎರಡನೇ ಸಾಲಿಗೆ ಕೇಳುವುದಿಲ್ಲ. ಬೋರ್ಡ್ ಮೇಲೆ ಬರೆಯುತ್ತಾರೆ, ಮಕ್ಕಳು ನೋಡಿಕೊಂಡು ಬರೆಯುತ್ತಾರೆ, ಅಷ್ಟೇ ಪಾಠ. ಕರೆಂಟ್ ಹೋದರೆ ಅದೂ ಇಲ್ಲ. ಗೋಡೆಗೆ ಪಾಚಿ, ನೆಲ ಒದ್ದೆ. ನಮ್ಮ ಮಳೆ, ನಮ್ಮ ಕಾಡು ನೋಡಿಕೊಂಡು ಶಾಲೆ ಕಟ್ಟುವುದು ಅಂದರೆ ನಿಜವಾಗಿ ಏನು ಮಾಡಬೇಕು? ಗೊತ್ತಿದ್ದವರು ಹೇಳಿ.

ಸಿವಿಲ್_ಶಿವಮೊಗ್ಗ

ಮೊದಲು ಒಂದು ಮಾತು. ಸರ್ಕಾರದ ದುಡ್ಡು ಎಷ್ಟು ಪಾಲು ಇದೆ ನೋಡಿಕೊಳ್ಳಿ. ಆ ದುಡ್ಡಿಗೆ ಎಸ್‌ಆರ್, ಅಂದರೆ ಸರ್ಕಾರದ ದರಪಟ್ಟಿಯಲ್ಲಿರುವ ಕೆಲಸಕ್ಕೆ ಮಾತ್ರ ಬಿಲ್ ಆಗುತ್ತದೆ. ಬಿದಿರಿನ ಗುಮ್ಮಟ ಅಂತ ಎಸ್ಟಿಮೇಟ್ ಬರೆದರೆ ಫೈಲು ಮುಂದಕ್ಕೇ ಹೋಗುವುದಿಲ್ಲ.

ಅಪ್ಪೆಮಿಡಿ

@ಸಿವಿಲ್_ಶಿವಮೊಗ್ಗ ಆ ಪಟ್ಟಿ, ಆ ನಕ್ಷೆಯಿಂದಲೇ ಈ ಗತಿ ಅಲ್ವಾ ಸರ್? ರಾಯಚೂರಿಗೂ ಅದೇ ನಕ್ಷೆ, ಆಗುಂಬೆಗೂ ಅದೇ ನಕ್ಷೆ. ರಾಯಚೂರಲ್ಲಿ ವರ್ಷಕ್ಕೆ ಆರೇಳುನೂರು ಮಿ.ಮೀ. ಮಳೆ. ಆಗುಂಬೆಯಲ್ಲಿ 7,000 ದಾಟುತ್ತದೆ. ಹತ್ತು ಪಟ್ಟು ವ್ಯತ್ಯಾಸ. ಚಪ್ಪಟೆ ತಾರಸಿ ಇಲ್ಲಿ ಯಾಕೆ ಹಾಕಬೇಕು ಹೇಳಿ.

ಸಿವಿಲ್_ಶಿವಮೊಗ್ಗ

ತಾರಸಿ ಬೇಡ ಅಂತ ನಾನೂ ಹೇಳುತ್ತೇನೆ. ಮಲೆನಾಡಲ್ಲಿ ತಾರಸಿ ಹಾಕಿದವರೆಲ್ಲ ನಾಲ್ಕೈದು ವರ್ಷದಲ್ಲಿ ಮೇಲೆ ಶೀಟು ಹೊದಿಸುತ್ತಾರೆ. ನೀರು ನಿಲ್ಲುತ್ತದೆ, ಕೂದಲೆಳೆ ಬಿರುಕಿನಲ್ಲಿ ಇಳಿಯುತ್ತದೆ, ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಸಿಮೆಂಟು ಚಕ್ಕೆ ಚಕ್ಕೆಯಾಗಿ ಮಕ್ಕಳ ತಲೆ ಮೇಲೆ ಬೀಳುತ್ತದೆ. ಎರಡು ಮಾಡಿನ (ಚಾವಣಿಯ) ಖರ್ಚು ಮಾಡಿ ಒಂದು ಮಾಡಿನ ಕೆಲಸ. ನಾನು ಹೇಳಿದ್ದು ದುಡ್ಡಿನ ದಾರಿ. ಗೋಡೆ, ಪಾಯ, ನೆಲ ಸರ್ಕಾರದ ಲೆಕ್ಕಕ್ಕೆ ಹಾಕಿ. ಮಾಡು, ಜಗಲಿ ಹಳೇ ವಿದ್ಯಾರ್ಥಿಗಳ ದುಡ್ಡಲ್ಲಿ ಮಾಡಿಸಿ. ಯಾವುದೇ ಆಗಲಿ, ಮುಂಚೆಯೇ ಇಲಾಖೆಯ ಎಂಜಿನಿಯರ್ ಹತ್ತಿರ ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳಿ.

ಒಂದನೇ_ಕ್ಲಾಸ್_ಟೀಚರ್

ಶೀಟಿನ ಸದ್ದಿನ ಬಗ್ಗೆ ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್ ಸರ್. ಇದನ್ನು ಯಾರೂ ಸಮಸ್ಯೆ ಅಂತಲೇ ಎಣಿಸುವುದಿಲ್ಲ. ಪಾಠ ನಡೆಯುವಾಗ ತರಗತಿಯಲ್ಲಿ ಹಿನ್ನೆಲೆ ಸದ್ದು 35 ಡೆಸಿಬಲ್ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎದುರಿಗೆ ನಿಂತವರ ಮಾತೇ ಕೇಳುವುದಿಲ್ಲ. ಚಿಕ್ಕ ತರಗತಿಯ ನಲಿಕಲಿ ಪದ್ಧತಿ ಅಂದರೆ ಹಾಡು, ಕಥೆ, ಮಾತು. ಒಂದನೇ ಕ್ಲಾಸಿನ ಮಗು ಅಕ್ಷರಕ್ಕಿಂತ ಮೊದಲು ಸದ್ದು ಕಲಿಯಬೇಕು. 'ಅ'ಕ್ಕೂ 'ಹ'ಕ್ಕೂ ವ್ಯತ್ಯಾಸ ಕಿವಿಗೆ ಬೀಳದ ಮಗುವಿಗೆ ನಾನು ಏನು ಓದಿಸಲಿ? ವರ್ಷ ಶುರುವಾಗುವುದೇ ಮಳೆಯಲ್ಲಿ. ಕಲಿಯಲು ಶುರು ಮಾಡುವ ಮೊದಲ ತಿಂಗಳುಗಳೇ ಹೋಗಿಬಿಡುತ್ತವೆ.

ಇನ್ನೊಂದು, ಕಿಟಕಿ. ನಮ್ಮ ಕೊಠಡಿಯ ಕಿಟಕಿ ನೆಲದಿಂದ ಮೂರೂವರೆ ಅಡಿ ಮೇಲೆ ಇದೆ. ನಲಿಕಲಿ ಮಕ್ಕಳು ನೆಲದ ಮೇಲೆ ಕೂರುತ್ತಾರೆ. ಅವರಿಗೆ ಕಾಣುವುದು ಒಂದು ತುಂಡು ಆಕಾಶ ಮಾತ್ರ. ಹೊರಗೆ ನೇರಳೆ ಮರ ಇದೆ, ಅದರಲ್ಲಿ ಪಿಕಳಾರ ಗೂಡು ಕಟ್ಟುತ್ತದೆ, ಒಳಗಿನ ಮಗುವಿಗೆ ಅದು ಇಲ್ಲವೇ ಇಲ್ಲ. ಕಿಟಕಿಯನ್ನು ಎರಡು ಅಡಿಗೆ ಇಳಿಸಿ ಸರಳು ಹಾಕಿಸಿ. ಇದಕ್ಕೆ ದುಡ್ಡೇನೂ ಜಾಸ್ತಿ ಬೇಡ.

ಕೊಡಚಾದ್ರಿ_ನೋಟ

ಕಿಟಕಿ ಕೆಳಗಿದ್ದರೆ ಮಕ್ಕಳು ಹೊರಗೇ ನೋಡುತ್ತಾ ಕೂರುತ್ತಾರೆ ಮೇಡಂ. ಪಾಠ ಯಾರು ಕೇಳುತ್ತಾರೆ?

ಒಂದನೇ_ಕ್ಲಾಸ್_ಟೀಚರ್

ಹೊರಗೆ ನೋಡಲಿ ಬಿಡಿ ಸರ್. ಆರು ವರ್ಷದ ಮಗು ಒಂದೇ ಸಮನೆ ಬೋರ್ಡ್ ನೋಡುವುದಿಲ್ಲ, ಕಿಟಕಿ ಇದ್ದರೂ ಇಲ್ಲದಿದ್ದರೂ. ಹೊರಗೆ ಕಂಡದ್ದನ್ನೇ ಪಾಠ ಮಾಡಿಕೊಳ್ಳುವುದು ನಮ್ಮ ಕೆಲಸ.

ಆರ್ಕಿ_ಸಾಗರ

ಆರ್ಕಿಟೆಕ್ಚರ್ ಓದುತ್ತಿದ್ದೇನೆ, ಊರು ಸಾಗರದ ಹತ್ತಿರ. ಬಾಲಿಯ ಫೋಟೋಗಿಂತ ಈ ಎರಡು ಶಾಲೆ ನೋಡಿ.

ಒಂದು, ಬುರ್ಕಿನಾ ಫಾಸೊ ದೇಶದ ಗಾಂಡೊ ಅನ್ನುವ ಹಳ್ಳಿಯ ಪ್ರಾಥಮಿಕ ಶಾಲೆ, 2001ರದ್ದು. ಕಟ್ಟಿದವರು ಫ್ರಾನ್ಸಿಸ್ ಕೆರೆ. ಅದೇ ಹಳ್ಳಿಯಲ್ಲಿ ಹುಟ್ಟಿದವರು, ಬರ್ಲಿನ್‌ನಲ್ಲಿ ಓದುತ್ತಿರುವಾಗಲೇ ದುಡ್ಡು ಕೂಡಿಸಿ ಊರಿನವರನ್ನೇ ಸೇರಿಸಿಕೊಂಡು ಕಟ್ಟಿದರು. 2022ರಲ್ಲಿ ಅವರಿಗೆ ವಾಸ್ತುಶಿಲ್ಪದ ದೊಡ್ಡ ಪ್ರಶಸ್ತಿಯಾದ ಪ್ರಿಟ್ಜ್‌ಕರ್ ಬಂತು. ಅಲ್ಲಿಯೂ ಮೇಲೆ ಇರುವುದು ತಗಡೇ! ಆದರೆ ತರಗತಿಗೆ ಮಣ್ಣಿನಿಟ್ಟಿಗೆಯ ಬೇರೆ ಸೀಲಿಂಗ್ ಇದೆ. ತಗಡು ಅದರಿಂದ ಮೇಲೆ ಎತ್ತರದಲ್ಲಿ ಕಬ್ಬಿಣದ ಸರಳಿನ ಮೇಲೆ ನಿಂತಿದೆ. ನಡುವೆ ಗಾಳಿ ಓಡಾಡುತ್ತದೆ.

ಇನ್ನೊಂದು, ಬಾಂಗ್ಲಾದೇಶದ ರುದ್ರಪುರದ ಮೆಟಿ ಶಾಲೆ. ಅನ್ನಾ ಹೆರಿಂಗರ್ ಮತ್ತು ಐಕೆ ರೋಸ್ವಾಗ್ ಮಾಡಿದ್ದು, ವಾಸ್ತುಶಿಲ್ಪದ ಆಗಾ ಖಾನ್ ಪ್ರಶಸ್ತಿ ಬಂದ ಕಟ್ಟಡ. ಕೆಳಗೆ ದಪ್ಪ ಮಣ್ಣಿನ ಗೋಡೆ, ಮೇಲಿನ ಅಂತಸ್ತು ಬಿದಿರು. ತರಗತಿಯ ಹಿಂಭಾಗದಲ್ಲಿ ಮಣ್ಣಿನಲ್ಲೇ ಗುಹೆ ಮಾಡಿದ್ದಾರೆ. ಮಕ್ಕಳು ಅದರೊಳಗೆ ತೆವಳಿಕೊಂಡು ಹೋಗಿ ಕೂತು ಓದುತ್ತಾರೆ. ಅಲ್ಲೂ ಜೋರು ಮಳೆ ಬರುತ್ತದೆ, ನೆನಪಿರಲಿ.

ಜಿಂಬಾಬ್ವೆಯ ಹರಾರೆಯಲ್ಲಿ ಗೆದ್ದಲ ಹುತ್ತ ನೋಡಿ ಕಟ್ಟಿದ ಈಸ್ಟ್‌ಗೇಟ್ ಅನ್ನುವ ಕಟ್ಟಡವೂ ಇದೆ, 1996ರದ್ದು. ಹುತ್ತದೊಳಗೆ ಬಿಸಿಗಾಳಿ ಮೇಲೆ ಹೋಗಿ ತಂಪು ಉಳಿಯುವ ಹಾಗೆ ಅಲ್ಲೂ ಗಾಳಿ ಓಡಿಸುತ್ತಾರೆ. ನಮ್ಮಲ್ಲಿ ಹುತ್ತಕ್ಕೆ ಬರವೇ?

ಕಾನುಮನೆ

@ಆರ್ಕಿ_ಸಾಗರ ಈಸ್ಟ್‌ಗೇಟ್ ಒಳ್ಳೆಯ ಕಟ್ಟಡ, ನಿಜ. ಆದರೆ ಹುತ್ತ ಹಾಗೆ ಕೆಲಸ ಮಾಡುವುದಿಲ್ಲ ಅಂತ ಆಮೇಲೆ ಗೊತ್ತಾಗಿದೆ. ಟರ್ನರ್ ಮತ್ತು ಸೋರ್ ಅನ್ನುವವರು 2008ರಲ್ಲಿ ಬರೆದಿದ್ದಾರೆ. ಒಳಗಿನ ಗೂಡಿನ ಬಿಸಿ ಸುತ್ತಲಿನ ಮಣ್ಣಿನ ಬಿಸಿಯನ್ನೇ ಹಿಂಬಾಲಿಸುತ್ತದೆ. ಹುತ್ತದ ಮುಖ್ಯ ಕೆಲಸ ಉಸಿರಾಟ, ಕೆಟ್ಟ ಗಾಳಿ ಹೊರಗೆ, ಒಳ್ಳೆಯ ಗಾಳಿ ಒಳಗೆ. ಅದೂ ಹೊರಗಿನ ಗಾಳಿಯ ಹೊಯ್ದಾಟದಿಂದ ನಡೆಯುತ್ತದೆ.

ಇದನ್ನು ಯಾಕೆ ಹೇಳಿದೆ ಅಂದರೆ, ಪ್ರಕೃತಿ ನೋಡಿ ಕಟ್ಟುವುದು ಅಂತ ಹೇಳುವವರು ಬೇರೆ ಊರಿನ ಪ್ರಕೃತಿ ತಂದು ಇಲ್ಲಿ ಕೂರಿಸುತ್ತಾರೆ. ಗಾಂಡೊದಲ್ಲಿ ಸಮಸ್ಯೆ ಬಿಸಿಲು. ನಮ್ಮ ಸಮಸ್ಯೆ ಥಂಡಿ, ಕತ್ತಲು, ಎರಚಲು. ಇಲ್ಲಿ ನೋಡಬೇಕಾದದ್ದು ಹುತ್ತವನ್ನಲ್ಲ. ಮಳೆಗೆ ಹೊಂದಿಕೊಂಡು ತಲೆಮಾರು ಕಳೆದ ನಮ್ಮ ಮನೆಗಳನ್ನು ನೋಡಿ. ಕಡಿದಾದ ಮಾಡು, ಆಳೆತ್ತರಕ್ಕೆ ಇಳಿದ ಸೂರು, ಕಲ್ಲಿನ ಎತ್ತರದ ಪಾಯ, ಸುತ್ತ ಜಗಲಿ, ನಡುವೆ ಅಂಗಳ. ಕುಪ್ಪಳಿಯ ಕುವೆಂಪು ಕವಿಮನೆಗೆ ಮಕ್ಕಳನ್ನು ಕರೆದುಕೊಂಡು ಹೋದವರು ನೋಡಿಯೇ ಇರುತ್ತೀರಿ. ಜಡಿಮಳೆಯಲ್ಲೂ ಅಂಗಳದ ಬೆಳಕು ಒಳಗಿನ ಕಂಬದ ಸಾಲಿಗೆ ಬೀಳುತ್ತದೆ.

ಸೊರಬದ_ಹುಡುಗ

ಮನೆಯ ಮಾದರಿ ಚೆನ್ನಾಗಿದೆ ಅಣ್ಣ, ಆದರೆ ಹಳೇ ಮನೆಯೊಳಗೆ ಹಗಲಲ್ಲೂ ಕತ್ತಲೆ. ನಮ್ಮಜ್ಜಿ ಮನೆ ನಡುಮನೆಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ದೀಪ ಬೇಕು. ಶಾಲೆಗೆ ಅದು ಆಗಲ್ಲ.

ಕಾನುಮನೆ

ಸರಿಯಾದ ಮಾತು. ಅದಕ್ಕೇ ಗಾಜಿನ ಹೆಂಚು. ಮನೆಗೆ ಒಂದೋ ಎರಡೋ ಹಾಕುತ್ತಿದ್ದರು. ಶಾಲೆಗೆ ಉತ್ತರದ ಇಳಿಜಾರಿನಲ್ಲಿ ಸಾಲಾಗಿ ಹಾಕಿ. ಬಿಸಿಲು ನೇರ ಬೀಳುವುದು ಕಡಿಮೆ, ಬೆಳಕು ಮಾತ್ರ ಬರುತ್ತದೆ. ವರ್ಷಕ್ಕೊಮ್ಮೆ ಪಾಚಿ ಒರೆಸುವ ಕೆಲಸ ಇದೆ, ಅದನ್ನು ಮರೆಯಬೇಡಿ.

ಗಾರೆ_ಕೆಲಸ

ಹೆಂಚು ಹೆಂಚು ಅಂತ ಎಲ್ಲರೂ ಹೇಳುತ್ತಿದ್ದೀರಿ. ಮಂಗ?

ಅಪ್ಪೆಮಿಡಿ

ಬಂತು ನೋಡಿ ನಿಜವಾದ ಪ್ರಶ್ನೆ.

ಸೊರಬದ_ಹುಡುಗ

ನಮ್ಮೂರ ಶಾಲೆಯಲ್ಲಿ ಹೆಂಚು ತೆಗೆದು ಶೀಟು ಹಾಕಿದ್ದೇ ಮಂಗನ ಕಾಟಕ್ಕೆ. ಒಂದು ಹಿಂಡು ಬಂದು ಹಾರಿ ಹೋದರೆ ಹೆಂಚು ಜರುಗುತ್ತದೆ, ಒಡೆಯುತ್ತದೆ. ಮಳೆಗಾಲದಲ್ಲಿ ಹತ್ತಿ ಸರಿ ಮಾಡುವವರು ಯಾರು? ಮೊದಲು ಮಾಡು ಹತ್ತುವವರು ಊರಿಗೆ ನಾಲ್ಕು ಜನ ಇದ್ದರು. ಈಗ ಹುಡುಕಬೇಕು.

ಗಾರೆ_ಕೆಲಸ

ನಾನು ಮಾಡುವುದೇ ಈ ಕೆಲಸ, ಹೇಳುತ್ತೇನೆ ಕೇಳಿ. ಮರದ ಪಕಾಸು (ಮಾಡು ಹೊರುವ ಇಳಿಜಾರು ತೊಲೆ) ಈಗ ಬೇಡ. ಮರ ದುಬಾರಿ, ಮೇಲಾಗಿ ಒರಲೆ (ಗೆದ್ದಲು) ಹಿಡಿಯುತ್ತದೆ. ಕಬ್ಬಿಣದ ಪೈಪಿನ ಕೈಮರ ಹಾಕಿ, ಅದರ ಮೇಲೆ ಶೀಟು, ಶೀಟಿನ ಮೇಲೆ ರೀಪು (ಹೆಂಚು ಕೂರುವ ಪಟ್ಟಿ) ಹೊಡೆದು ಮಂಗಳೂರು ಹೆಂಚು ಕೂರಿಸಿ. ಮಂಗ ಹೆಂಚು ಒಡೆದರೂ ಕೆಳಗೆ ಶೀಟು ಇರುವುದರಿಂದ ನೀರು ಒಳಗೆ ಬರಲ್ಲ. ಹೆಂಚು ಮೇಲಿರುವುದರಿಂದ ಮಳೆಯ ಹೊಡೆತ ಶೀಟಿಗೆ ನೇರ ಬೀಳಲ್ಲ. ಸದ್ದು ತುಂಬಾ ಇಳಿಯುತ್ತದೆ. ಬೆಳಕಿಗೆ ಗಾಜಿನ ಹೆಂಚು ಹಾಕುವ ಜಾಗದಲ್ಲಿ ಶೀಟಿಗೂ ಪಾರದರ್ಶಕ ಶೀಟಿನ ತುಂಡೇ ಹಾಕಬೇಕು, ಇಲ್ಲದಿದ್ದರೆ ಗಾಜು ಹಾಕಿ ಏನು ಪ್ರಯೋಜನ?

ಒಂದೇ ಎಚ್ಚರಿಕೆ. ಎರಡರ ನಡುವೆ ಎಲೆ, ಕಸ ಸೇರಿ ನೀರು ಕಟ್ಟಿಕೊಂಡರೆ ರೀಪು ಕೊಳೆಯುತ್ತದೆ. ರೀಪೂ ಕಬ್ಬಿಣದ್ದೇ ಇರಲಿ, ಇಳಿಜಾರು ಚೆನ್ನಾಗಿರಲಿ. ಮಾಡನ್ನು ಚಪ್ಪಟೆ ಮಾಡಿ ಕಬ್ಬಿಣ ಉಳಿಸಲು ಹೋಗಬೇಡಿ.

ಸಿವಿಲ್_ಶಿವಮೊಗ್ಗ

@ಗಾರೆ_ಕೆಲಸ ಒಪ್ಪುತ್ತೇನೆ. ಹೆಂಚಿನ ಮಾಡು 30 ಡಿಗ್ರಿಗಿಂತ ಕಡಿಮೆ ಇರಬಾರದು. ಭಾರ ಜಾಸ್ತಿ ಆಗುತ್ತದೆ, ಪೈಪಿನ ದಪ್ಪ ಲೆಕ್ಕ ಹಾಕಿಸಿಯೇ ಹಾಕಿ, ಅಂದಾಜಿಗೆ ಬೇಡ. ಹಾಗೇ ಸೀಲಿಂಗ್ ಒಂದು ಹಾಕಿದರೆ ಸದ್ದು ಇನ್ನೂ ಕಡಿಮೆಯಾಗುತ್ತದೆ.

ಕೊಡಚಾದ್ರಿ_ನೋಟ

ಇಷ್ಟೆಲ್ಲ ಯಾಕೆ, ಸೋಗೆ (ಅಡಿಕೆ ಗರಿ) ಹೊದಿಸಿ. ಸದ್ದೇ ಇಲ್ಲ, ತಂಪು, ಪೂರ್ತಿ ನೈಸರ್ಗಿಕ. ಅಡಿಕೆ ತೋಟ ಎಲ್ಲರಿಗೂ ಇದೆ. ಬಿಸಿಯೂಟದ ಅಡುಗೆಮನೆ ಪಕ್ಕದಲ್ಲೇ ಇಟ್ಟರೆ ಆ ಬಿಸಿಗೆ ಮಕ್ಕಳ ರೇನ್‌ಕೋಟೂ ಒಣಗುತ್ತದೆ.

ಒಂದನೇ_ಕ್ಲಾಸ್_ಟೀಚರ್

ದಯವಿಟ್ಟು ಸೋಗೆ ಮಾತ್ರ ಬೇಡ ಸರ್. 2004ರ ಜುಲೈ 16, ತಮಿಳುನಾಡಿನ ಕುಂಭಕೋಣಂ. ಅಡುಗೆಮನೆಯಲ್ಲಿ ಹತ್ತಿದ ಬೆಂಕಿ ಸೋಗೆಯ ಮಾಡಿಗೆ ಹಿಡಿದು 94 ಮಕ್ಕಳು ಹೋದರು. ನೀವು ಹೇಳಿದ್ದು ಅದೇ ಎರಡನ್ನು ಒಟ್ಟಿಗೆ ಇಡುವುದು. ಶಾಲೆಗೆ ಹುಲ್ಲು, ಸೋಗೆ, ತೆಂಗಿನ ಗರಿ ಯಾವುದೂ ಬೇಡ. ಅಡುಗೆಮನೆ ಬೇರೆಯೇ ಇರಲಿ, ದೂರ ಇರಲಿ. ಪ್ರತಿ ಕೋಣೆಗೆ ಎರಡು ಬಾಗಿಲು ಇರಲಿ, ಹೊರಕ್ಕೆ ತೆರೆಯುವಂಥವು.

ಹೊಳೆಬದಿಯವ

ಎರಡು ಬಾಗಿಲಿನ ವಿಷಯ ಬರೆದುಕೊಂಡೆ ಮೇಡಂ. ರೇನ್‌ಕೋಟ್, ಕೊಡೆ ಎಲ್ಲಿ ಇಡಬೇಕು ಅನ್ನುವುದೂ ನಮ್ಮಲ್ಲಿ ದೊಡ್ಡ ಪ್ರಶ್ನೆ. ಈಗ ಎಲ್ಲ ಕೋಣೆಯ ಮೂಲೆಯಲ್ಲಿ ರಾಶಿ ಬೀಳುತ್ತವೆ. ಅದರ ನೀರು ಹರಿದು ಮಕ್ಕಳು ಕೂರುವ ಚಾಪೆಗೇ ಬರುತ್ತದೆ.

ಕಾನುಮನೆ

ಜಗಲಿ ಅಗಲ ಮಾಡಿ, ಎಂಟು ಅಡಿಯಾದರೂ ಬೇಕು. ಗೋಡೆಗೆ ಮಗುವಿನ ಎತ್ತರಕ್ಕೆ ಗೂಟದ ಸಾಲು, ಅದರ ಕೆಳಗೆ ನೆಲದಲ್ಲಿ ಸಣ್ಣ ಕಾಲುವೆ. ಕೊಡೆ, ಕೋಟು ಅಲ್ಲೇ ನೇತು ಹಾಕಿದರೆ ನೀರು ಕಾಲುವೆಯಲ್ಲಿ ಹೊರಗೆ ಹೋಗುತ್ತದೆ. ಗೂಟದ ಮೇಲೆ ಹೆಸರಿನ ಬದಲು ಒಂದೊಂದು ಎಲೆಯ ಚಿತ್ರ ಬರೆಸಿ. ಹಲಸು, ಮುರುಗಲು, ಸುರಗಿ, ಮತ್ತಿ. ಓದಲು ಬಾರದ ಮಗುವಿಗೂ ತನ್ನ ಗೂಟ ಗೊತ್ತಾಗುತ್ತದೆ, ಮರವೂ ಗೊತ್ತಾಗುತ್ತದೆ. ಕಟ್ಟಡವೇ ಕಲಿಕೆಯ ಸಾಮಗ್ರಿ ಅಂತ 'ಬಾಲಾ' ಅನ್ನುವ ಯೋಚನೆ ಸರ್ವ ಶಿಕ್ಷಣ ಅಭಿಯಾನದ ಕಾಲದಲ್ಲೇ ಬಂತು. ನಮ್ಮ ಶಾಲೆಗಳಿಗೆ ಅದು ಬಂದದ್ದು ಗೋಡೆಗೆ ಬಣ್ಣದ ಚಿತ್ರವಾಗಿ ಮಾತ್ರ. ಬಾಗಿಲು ತೆರೆಯುವ ಕೋನ ನೆಲದ ಮೇಲೆ ಗುರುತು ಮಾಡುವುದು, ಮೆಟ್ಟಿಲಲ್ಲಿ ಅಳತೆ ಕೊರೆಯುವುದು, ಇದೆಲ್ಲ ಕಟ್ಟುವಾಗಲೇ ಮಾಡುವ ಕೆಲಸ.

ಜಗಲಿ ಯಾವ ಕಡೆ ಅನ್ನುವುದೂ ಮುಖ್ಯ. ಪಶ್ಚಿಮಕ್ಕೆ ಬಿಟ್ಟರೆ ನೈಋತ್ಯದ ಗಾಳಿಗೆ ಎರಚಲು ಒಳಗೇ ಹೊಡೆಯುತ್ತದೆ. ಮನೆಗಳಿಗೆ ಆ ಕಡೆ ಮಳೆಗಾಲದಲ್ಲಿ ಹೆಣೆದ ತಟ್ಟಿಯ ಮರೆ ಕಟ್ಟುವುದು ಅದಕ್ಕೇ. ಜಗಲಿ ಪೂರ್ವಕ್ಕೋ ಉತ್ತರಕ್ಕೋ ಇರಲಿ. ಪಶ್ಚಿಮದ ಗೋಡೆಗೆ ಕಿಟಕಿ ಕಡಿಮೆ, ಸೂರು ಉದ್ದ.

ಒಂದನೇ_ಕ್ಲಾಸ್_ಟೀಚರ್

ಎಂಟು ಅಡಿ ಜಗಲಿ ಸಿಕ್ಕರೆ ನಾನು ಅರ್ಧ ಪಾಠ ಅಲ್ಲೇ ಮಾಡುತ್ತೇನೆ. ಮಳೆ ನೋಡುತ್ತಾ ಮಳೆಯ ಪಾಠ.

ಆರ್ಕಿ_ಸಾಗರ

ಗೋಡೆಗೆ ಏನು? ನನ್ನ ಆಸೆ ಮಣ್ಣಿನದ್ದು. ಬೆಂಗಳೂರಿನ ಐಐಎಸ್‌ಸಿಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಗುಂಪು ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿ ಮಾಡುವ ಇಟ್ಟಿಗೆಯ ಮೇಲೆ ತುಂಬಾ ಕೆಲಸ ಮಾಡಿದೆ. ಸುಡುವ ಕೆಲಸ ಇಲ್ಲ, ಸೌದೆ ಉಳಿಯುತ್ತದೆ.

ಗಾರೆ_ಕೆಲಸ

ಮಣ್ಣಿನ ಇಟ್ಟಿಗೆ ಕೆಟ್ಟದ್ದಲ್ಲ ತಮ್ಮಾ. ಆದರೆ ನಿಮ್ಮ ಸಾಗರದ ಕಡೆ ಜಂಬಿಟ್ಟಿಗೆ (ನೆಲದಿಂದ ಕೊರೆದು ತೆಗೆಯುವ ಕೆಂಪು ಕಲ್ಲು) ಕಾಲಿಗೆ ಸಿಗುತ್ತದಲ್ವಾ? ಕೊರೆಯುವಾಗ ಮೆದು, ಗಾಳಿಗೆ ಬಿಟ್ಟಷ್ಟೂ ಗಟ್ಟಿ. ಹೊರಗೆ ಗಿಲಾಯಿ (ಪ್ಲಾಸ್ಟರ್) ಬೇಡ, ಬಣ್ಣ ಬೇಡ. ಒಳಗೆ ಮಾತ್ರ ಮಕ್ಕಳ ಕೈ ಎಟುಕುವಷ್ಟು ಎತ್ತರಕ್ಕೆ ಸುಣ್ಣದ ಗಾರೆ ಮಾಡಿ, ಇಲ್ಲದಿದ್ದರೆ ಬಟ್ಟೆಗೆಲ್ಲ ಕೆಂಪು. ಪಾಯಕ್ಕೆ ಕಪ್ಪು ಕಲ್ಲು, ನೆಲಮಟ್ಟದಿಂದ ಎರಡೂವರೆ ಅಡಿ ಎತ್ತರ ಇರಲಿ. ಸೂರಿನಿಂದ ಬಿದ್ದ ನೀರು ಚಿಮ್ಮಿ ಗೋಡೆ ಕೆಡುವುದು ಅಲ್ಲೇ.

ಆರ್ಕಿ_ಸಾಗರ

ಜಂಬಿಟ್ಟಿಗೆಗೆ ಗುಡ್ಡ ಕೊರೆದ ಗುಂಡಿಗಳನ್ನು ನೋಡಿದ್ದೀರಾ? ಮಳೆಗಾಲದಲ್ಲಿ ನೀರು ತುಂಬಿ ದನ ಬೀಳುತ್ತವೆ. ಅದೂ ಪ್ರಕೃತಿಯೇ. ಹೊಸ ಕಲ್ಲು ತರುವ ಮುಂಚೆ ಕೆಡವುವ ಕೊಠಡಿಯಲ್ಲಿ ಏನು ಸಿಗುತ್ತದೆ ನೋಡಿ.

ಹೊಳೆಬದಿಯವ

ಹಳೇ ಕೊಠಡಿಯ ಗೋಡೆ ಜಂಬಿಟ್ಟಿಗೆಯದ್ದೇ. ಬಿದ್ದದ್ದು ಮಾಡಿನ ಮರ, ಗೋಡೆ ಬಹಳಷ್ಟು ಗಟ್ಟಿ ಇದೆ. ಒಳ್ಳೆಯ ಕಲ್ಲು ಆರಿಸಿ ಮತ್ತೆ ಹಾಕಬಹುದು ಅನಿಸುತ್ತದೆ.

ಸೊರಬದ_ಹುಡುಗ

ಕಟ್ಟಡ ಬಿಟ್ಟು ಹೊರಗಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಶಾಲೆಯನ್ನು ಕಾಡಿಗೆ ಸೇರಿಸಿ ಕಟ್ಟಿ, ಮರದ ಕೆಳಗೆ ಪಾಠ ಮಾಡಿ ಅಂತೆಲ್ಲ ಹೇಳುವುದು ಸುಲಭ. ಉಣುಗು (ರಕ್ತ ಹೀರುವ ಸಣ್ಣ ಹುಳ) ಕಚ್ಚಿ ಬರುವ ಮಂಗನ ಕಾಯಿಲೆ ಮೊದಲು ಗೊತ್ತಾದದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಈಗಲೂ ಡಿಸೆಂಬರ್ ಆದರೆ ಊರಲ್ಲಿ ಭಯ. ಉಣುಗು ಇರುವುದು ದರಗಿನಲ್ಲಿ (ಉದುರಿದ ಒಣ ಎಲೆಯಲ್ಲಿ), ಪೊದೆಯಲ್ಲಿ. ಆ ತಿಂಗಳುಗಳಲ್ಲಿ ಕಾಡಿನಂಚಿನ ದರಗಿನ ಮೇಲೆ ಮಕ್ಕಳನ್ನು ಕೂರಿಸುವುದಕ್ಕೆ ನಾನು ಒಪ್ಪುವುದಿಲ್ಲ.

ಅಪ್ಪೆಮಿಡಿ

ಹಾಗಂತ ಮರ ಕಡಿದು ಅಂಗಳಕ್ಕೆಲ್ಲ ಸಿಮೆಂಟ್ ಇಂಟರ್‌ಲಾಕ್ ಹಾಕಬೇಕಾ? ಈಗ ಎಲ್ಲ ಕಡೆ ಅದೇ ಆಗುತ್ತಿದೆ.

ಸೊರಬದ_ಹುಡುಗ

ಅದನ್ನು ನಾನು ಹೇಳಲಿಲ್ಲ. ಮರ ಇರಲಿ, ಅದರ ಸುತ್ತ ಕಲ್ಲಿನ ಕಟ್ಟೆ ಇರಲಿ, ಕಟ್ಟೆಯ ಮೇಲೆ ಕೂರಲಿ. ಅಂಗಳ ದಿನಾ ಗುಡಿಸಲಿ. ಬೇಲಿಯ ಹತ್ತಿರದ ಲಂಟಾನ ಸವರಲಿ. ದನ ಒಳಗೆ ಬರದ ಹಾಗೆ ಗೇಟು ಇರಲಿ, ಉಣುಗು ದನದ ಮೈಮೇಲೂ ಬರುತ್ತದೆ. ಮಂಗ ಸತ್ತು ಬಿದ್ದದ್ದು ಕಂಡರೆ ಮುಟ್ಟದೆ ಆಸ್ಪತ್ರೆಗೆ ತಿಳಿಸಬೇಕು ಅಂತ ಮಕ್ಕಳಿಗೂ ಗೊತ್ತಿರಲಿ. ಇದೂ ಪ್ರಕೃತಿಯ ಪಾಠವೇ ತಾನೇ?

ಅಪ್ಪೆಮಿಡಿ

ಹಾಗಾದರೆ ಸರಿ. ಗಿಡ ಹಾಕುವವರು ಅಕೇಶಿಯಾ ಮಾತ್ರ ಹಾಕಬೇಡಿ. ಗಾಳಿಗೆ ಮುರಿಯುತ್ತದೆ, ಹಕ್ಕಿಗೂ ಬೇಡ, ಮಕ್ಕಳಿಗೂ ಬೇಡ. ನೇರಳೆ, ರಂಜ, ಮುರುಗಲು, ಒಂದು ಅಪ್ಪೆಮಿಡಿ ಹಾಕಿ. ಕಟ್ಟಡದಿಂದ ಮರ ಬಿದ್ದರೂ ತಾಗದಷ್ಟು ದೂರ.

ಕೊಡಚಾದ್ರಿ_ನೋಟ

ಅಪ್ಪೆಮಿಡಿ ಹಾಕಿದರೆ ಉಪ್ಪಿನಕಾಯಿ ಯಾರ ಮನೆಗೆ ಅಂತ ಎಸ್‌ಡಿಎಂಸಿಯಲ್ಲಿ ಜಗಳ ಗ್ಯಾರಂಟಿ 😀

ಒಂದನೇ_ಕ್ಲಾಸ್_ಟೀಚರ್

ಬಿಸಿಯೂಟಕ್ಕೆ ಹಾಕಿಕೊಳ್ಳುತ್ತೇವೆ ಬಿಡಿ. ಯಾರೂ ಶೌಚಾಲಯದ ಮಾತೇ ಎತ್ತಲಿಲ್ಲ. ಏಪ್ರಿಲ್ ಬಂದರೆ ನೀರಿಲ್ಲದೆ ಬೀಗ ಹಾಕುವ ಶಾಲೆಗಳು ನಮ್ಮ ಮಲೆನಾಡಲ್ಲೇ ಇವೆ. ದೊಡ್ಡ ಹೆಣ್ಣುಮಕ್ಕಳು ಮನೆಗೆ ಹೋಗಿಬಿಡುತ್ತಾರೆ. ಎಷ್ಟು ಚಂದದ ಜಗಲಿ ಇದ್ದರೂ ಅವರಿಗೆ ಏನು ಬಂತು?

ಸಿವಿಲ್_ಶಿವಮೊಗ್ಗ

ಇದಕ್ಕೆ ಉತ್ತರ ಮಾಡಿನಲ್ಲೇ ಇದೆ ಮೇಡಂ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ಎರಡು ಕೋಣೆ, ಜಗಲಿ ಸೇರಿ 1,200 ಚದರಡಿ ಮಾಡು ಅಂದರೆ ಸುಮಾರು 111 ಚದರ ಮೀಟರ್. ಮಳೆ 3,000 ಮಿ.ಮೀ. ಅಂತ ಹಿಡಿಯಿರಿ. ವರ್ಷಕ್ಕೆ 3.3 ಲಕ್ಷ ಲೀಟರ್ ನೀರು ಆ ಮಾಡಿನಿಂದ ಇಳಿದು ಹೋಗುತ್ತದೆ. ಅಷ್ಟನ್ನೂ ಹಿಡಿಯಲು ಆಗದು. 20,000 ಲೀಟರಿನ ಟ್ಯಾಂಕ್ ಒಂದು ಕಟ್ಟಿ, ಅಕ್ಟೋಬರ್ ಕೊನೆಗೆ ತುಂಬಿಸಿ ಮುಚ್ಚಿ, ಬೇಸಿಗೆಗೆ ಶೌಚಾಲಯಕ್ಕೆ ಮಾತ್ರ ಬಳಸಿ. ಉಳಿದ ನೀರನ್ನು ಶಾಲೆಯ ಬಾವಿಯ ಹತ್ತಿರ ಇಂಗಿಸಿ. ಬಾವಿಗೆ ನೇರವಾಗಿ ಬಿಡಬೇಡಿ, ಜಲ್ಲಿ ಮರಳಿನ ಗುಂಡಿಯ ಮೂಲಕ ಹೋಗಲಿ.

ಕಾನುಮನೆ

ಆ ನೀರು ಇಳಿಯುವ ಪೈಪನ್ನು ಮಕ್ಕಳ ಕಣ್ಣಿಗೆ ಕಾಣುವ ಹಾಗೆ ಇಡಿ. ಪಕ್ಕದಲ್ಲೇ ಮಳೆಮಾಪಕ ಒಂದು ಇರಲಿ. ಐದನೇ ಕ್ಲಾಸಿನವರು ದಿನಾ ಅಳೆದು ಬರೆದರೆ ಸಿವಿಲ್ ಸರ್ ಹಾಕಿದ ಈ ಲೆಕ್ಕ ಅವರೇ ಹಾಕುತ್ತಾರೆ.

ಹೊಳೆಬದಿಯವ

ಇಷ್ಟು ಚೆನ್ನಾಗಿ ಹೇಳಿದ್ದೀರಿ, ಎಲ್ಲರಿಗೂ ಧನ್ಯವಾದ. ಭಾನುವಾರದ ಸಭೆಗೆ ಹೀಗೆ ಬರೆದುಕೊಂಡಿದ್ದೇನೆ. ಹಳೇ ಜಂಬಿಟ್ಟಿಗೆಯನ್ನೇ ಆರಿಸಿ ಗೋಡೆ. ಪೈಪು, ಶೀಟು, ಮೇಲೆ ಹೆಂಚು. ಪೂರ್ವಕ್ಕೆ ಎಂಟಡಿ ಜಗಲಿ, ಗೂಟ, ಕಾಲುವೆ. ಕಿಟಕಿ ಎರಡಡಿಗೆ. ಕೋಣೆಗೆ ಎರಡು ಬಾಗಿಲು. ಟ್ಯಾಂಕ್. ಬಿದಿರು ಕೇಳುವ ಬೆಂಗಳೂರಿನ ಹುಡುಗರಿಗೆ ಬೇಜಾರಾಗಬಾರದು, ಆಟದ ಮೂಲೆಗೋ ಮರದ ಕಟ್ಟೆಯ ಪಕ್ಕಕ್ಕೋ ಏನಾದರೂ ಬಿದಿರಲ್ಲಿ ಮಾಡಬಹುದಾ?

ಗಾರೆ_ಕೆಲಸ

ಮಾಡಬಹುದು. ಬೋರಾಕ್ಸ್, ಬೋರಿಕ್ ಆಸಿಡ್ ನೀರಲ್ಲಿ ನೆನೆಸಿದ ಬಿದಿರು ಆಗಬೇಕು, ಇಲ್ಲದಿದ್ದರೆ ಹುಳ ಕೊರೆದು ಹಿಟ್ಟು ಉದುರುತ್ತದೆ. ಬಿದಿರಿನ ಕಾಲು ಮಣ್ಣಿಗೆ ತಾಗದ ಹಾಗೆ ಕಲ್ಲಿನ ಮೇಲೆ ನಿಲ್ಲಿಸಿ. ಮಳೆ ನೇರ ಬೀಳದ ಜಾಗ ಆರಿಸಿ.

ಹೆಂಚು ಹೊಸದು ತರಬೇಡಿ. ಈಗ ಹಳೇ ಮನೆ ಕೆಡವುವವರು ಬಹಳ, ಒಳ್ಳೆಯ ಹೆಂಚು ಕಡಿಮೆಗೆ ಸಿಗುತ್ತದೆ. ಬೆರಳಿನ ಗೆಣ್ಣಲ್ಲಿ ಬಡಿದು ನೋಡಿ. ಟಣ್ ಅಂದರೆ ತೆಗೆದುಕೊಳ್ಳಿ, ದಡ್ ಅಂದರೆ ಸೀಳಿದೆ ಅಂತ ಲೆಕ್ಕ. ಒಂದೇ ಫ್ಯಾಕ್ಟರಿಯ ಅಚ್ಚು ನೋಡಿ ತನ್ನಿ, ಬೇರೆ ಬೇರೆ ಅಚ್ಚಿನವು ಒಂದಕ್ಕೊಂದು ಕೂರುವುದಿಲ್ಲ.

ಅಪ್ಪೆಮಿಡಿ

ನಮ್ಮ ದೊಡ್ಡಪ್ಪನ ಮನೆ ಮಾಡು ಈ ಡಿಸೆಂಬರಿನಲ್ಲಿ ಇಳಿಸುತ್ತೇವೆ. ಎಲ್ಲ ಒಂದೇ ಅಚ್ಚಿನ ಹೆಂಚು. ಶಾಲೆಗೆ ಅಂದರೆ ದುಡ್ಡು ಬೇಡ ಅಂದಿದ್ದಾರೆ. ಇಳಿಸಲು ಜನ, ಸಾಗಿಸಲು ಗಾಡಿ ನಿಮ್ಮದು.

ಹೊಳೆಬದಿಯವ

ಖಂಡಿತ ಬರುತ್ತೇವೆ. ಊರಿನ ಪಿಕಪ್ ಎರಡು ಇವೆ, ಜನಕ್ಕೆ ಕೊರತೆ ಇಲ್ಲ. ದಿನ ಗೊತ್ತಾದ ಕೂಡಲೇ ಮೆಸೇಜ್ ಹಾಕಿ.

ಗಾರೆ_ಕೆಲಸ

ಡಿಸೆಂಬರಿಗೆ ಹೆಂಚು ಬಂದರೆ ಜನವರಿಗೆ ಪಾಯ ತೆಗೆಯಿರಿ. ಏಪ್ರಿಲ್ ಕೊನೆಯೊಳಗೆ ಮಾಡು ಮುಚ್ಚಬೇಕು, ಮೃಗಶಿರಾ ಮಳೆವರೆಗೆ ಎಳೆಯಬೇಡಿ. ಹೆಂಚು ಪೇರಿಸುವಾಗ ನಿಲ್ಲಿಸಿ ಪೇರಿಸಿ, ಮಲಗಿಸಿದರೆ ಕೆಳಗಿನ ಸಾಲು ಒಡೆಯುತ್ತದೆ.